ಭತ್ತದ ಗದ್ದೆಗೆ ಹಾಕಿದ ಯೂರಿಯಾ ಬೆಳೆಗೇ ಸಿಗುವಂತೆ ಮಾಡುವುದು ಹೇಗೆ?

45 ಕಿಲೋ ಯೂರಿಯಾ ಚೀಲದಲ್ಲಿ ಇರುವ ಸಾರಜನಕ 20.7 ಕಿಲೋ. ನೀರು ನಿಂತ ಗದ್ದೆಗೆ ವಾಡಿಕೆಯಂತೆ ಎರಚಿಬಿಟ್ಟರೆ ಅದರಲ್ಲಿ ಆ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ. 30ರಿಂದ 40, ಅಂದರೆ ಆರೇಳು ಕಿಲೋ, ಬಹಳವೆಂದರೆ ಎಂಟು. ಉಳಿದದ್ದರಲ್ಲಿ ಒಂದಿಷ್ಟು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಮಿಕ್ಕಿದ್ದೆಲ್ಲ ಬಂದ ದಾರಿಯಲ್ಲೇ ಗಾಳಿಗೆ ವಾಪಸ್, ಇಲ್ಲವೇ ನೀರಿನ ಜೊತೆ ಕೆಳಗಿನ ಗದ್ದೆಗೆ. ಇದಕ್ಕೆ ಗೊಬ್ಬರವನ್ನು ದೂರಿ ಫಲವಿಲ್ಲ. ನೀರು ಯಾವಾಗ ಕಟ್ಟಿದಿರಿ, ಯಾವಾಗ ಬಿಟ್ಟಿರಿ ಅನ್ನುವುದರ ಮೇಲೆ ಈ ನಷ್ಟದ ಬಹುಪಾಲು ನಿಂತಿದೆ.

ಕೆಸರಿನೊಳಗೆ ನಡೆಯುವುದೇನು

ನಾಟಿಯಾಗಿ ಎರಡು ಮೂರು ವಾರವಾದ ಗದ್ದೆಗೆ ಇಳಿದು, ಚೂರಿಯಿಂದ ಕೆಸರಿನ ಒಂದು ಹೋಳನ್ನು ನೇರವಾಗಿ ಕೊಯ್ದು ಎತ್ತಿ ನೋಡಿ. ಮೇಲ್ಗಡೆ ಕೆಲವೇ ಮಿಲಿಮೀಟರ್ ದಪ್ಪದ, ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಕಂದು ಪದರ ಕಾಣುತ್ತದೆ. ಅದರ ಕೆಳಗೆ ಬೂದಿಯೋ ನೀಲಿಗಪ್ಪೋ ಬಣ್ಣದ ಮಣ್ಣು. ಕಂದು ಭಾಗದಲ್ಲಿ ಆಮ್ಲಜನಕ ಇದೆ, ಕೆಳಗೆ ಇಲ್ಲ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸಾಗುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಹೀಗಾಗಿ ನೀರು ಕಟ್ಟಿದ ಒಂದೆರಡು ದಿನದಲ್ಲೇ ಕೆಳಗಿನ ಮಣ್ಣಿನ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ.

ಯೂರಿಯಾ ಎರಡು ಮೂರು ದಿನದಲ್ಲಿ ಒಡೆದು ಅಮೋನಿಯಂ ಆಗುತ್ತದೆ. ಅದು ಕೆಳಗಿನ ಕಪ್ಪು ಮಣ್ಣಿನಲ್ಲಿದ್ದರೆ ಜೇಡಿಯ ಕಣಗಳಿಗೆ ಅಂಟಿಕೊಂಡು ಬೇರಿಗಾಗಿ ಕಾಯುತ್ತದೆ. ಮೇಲಿನ ಕಂದು ಪದರದಲ್ಲೇ ಉಳಿದರೆ ಕಥೆ ಬೇರೆ. ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ನೀರಿನೊಂದಿಗೆ ಕೆಳಕ್ಕೆ ಜಾರುತ್ತದೆ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಇನ್ನೊಂದು ಬಳಗವಿದೆ. ಅದು ಉಸಿರಾಟಕ್ಕೆ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಂಡು ಸಾರಜನಕವನ್ನು ಅನಿಲವಾಗಿ ಹೊರಗೆ ಬಿಡುತ್ತದೆ. ಬಹುಪಾಲು ಗಾಳಿಯಲ್ಲಿ ಶೇ. 78ರಷ್ಟಿರುವ ಅದೇ ಸಾರಜನಕ. ಸ್ವಲ್ಪ ಮಾತ್ರ ನೈಟ್ರಸ್ ಆಕ್ಸೈಡ್, ಭೂಮಿಯ ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಇನ್ನೂರ ಎಪ್ಪತ್ತು ಪಟ್ಟು ಜೋರಿನದು.

ಎರಡನೇ ನಷ್ಟ ನೀರಿನ ಮೇಲ್ಮೈಯಲ್ಲಿ, ಅದೂ ಹಾಡಹಗಲೇ. ನಿಂತ ನೀರಿನ ಪಾಚಿ ಬಿಸಿಲಿಗೆ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಆ ಹುಳಿ ಅಂಶ ಹೋದ ಮೇಲೆ ನೀರು ಕ್ಷಾರವಾಗುತ್ತದೆ: ಹುಳಿ–ಕ್ಷಾರದ ಅಳತೆಯಾದ ಪಿಎಚ್ ಅಂಕೆ ಬೆಳಿಗ್ಗೆ ಸುಮಾರು 7 ಇದ್ದದ್ದು ಮಧ್ಯಾಹ್ನಕ್ಕೆ 9 ದಾಟಬಹುದು. 9.25ರ ಹತ್ತಿರ ನೀರಲ್ಲಿರುವ ಅಮೋನಿಯಂನ ಅರ್ಧದಷ್ಟು ಅಮೋನಿಯಾ ಅನಿಲದ ರೂಪಕ್ಕೆ ಬಂದಿರುತ್ತದೆ. ಬೀಸುವ ಗಾಳಿಗೆ ಅದು ಹಾರುತ್ತದೆ. ರಾತ್ರಿ ಪಾಚಿಯೂ ಮಣ್ಣೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟಾಗ ಪಿಎಚ್ ಮತ್ತೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಪಿಎಚ್ ಕಾಗದದ ಪಟ್ಟಿಯನ್ನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ ಅದೇ ಜಾಗದಲ್ಲಿ ಅದ್ದಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಲೇಪ ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ, ಅಂದರೆ ಮೊದಲ ನಷ್ಟಕ್ಕೆ ಸ್ವಲ್ಪ ಕಡಿವಾಣ. ಅಮೋನಿಯಾ ಹಾರುವುದಕ್ಕೆ ಅದು ಮದ್ದಲ್ಲ. "ಬೇವು ಲೇಪಿತ ಅಲ್ಲವೇ, ಹೇಗೆ ಎರಚಿದರೂ ನಡೆಯುತ್ತದೆ" ಎನ್ನುವ ಮಾತು ಅರ್ಧ ಸತ್ಯ.

ನಾಟಿಗೆ ಮುಂಚೆ

ಬೇಸಿಗೆಯಲ್ಲಿ ಒಣಗಿ ಬಿದ್ದ ಗದ್ದೆಯಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಸೂಕ್ಷ್ಮಜೀವಿಗಳು ಎಚ್ಚೆತ್ತು, ಹಳೆಯ ಕೂಳೆ ಮತ್ತು ಹ್ಯೂಮಸ್‌ನಿಂದ ಸಾಕಷ್ಟು ನೈಟ್ರೇಟ್ ಬಿಡಿಸಿಕೊಡುತ್ತವೆ. ಖಾಲಿ ಗದ್ದೆಗೆ ಹಾಗೇ ನೀರು ಕಟ್ಟಿ ಕೆಸರು ಮಾಡಿದರೆ ಈ ಪುಕ್ಕಟೆ ಗೊಬ್ಬರ ಒಂದೆರಡು ವಾರದಲ್ಲಿ ಮಾಯ. ಹಸಿರೆಲೆ ಗೊಬ್ಬರದ ಬೆಳೆ ನಿಂತಿದ್ದರೆ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ, ಜೊತೆಗೆ ಗಾಳಿಯದ್ದನ್ನೂ ತರುತ್ತದೆ.

ನೀರು ನಿಲ್ಲುವ ಗದ್ದೆಗೆ ಡಯಾಂಚವೇ ಸರಿ. ಸೆಣಬು ಚೆನ್ನಾಗಿ ಬರುತ್ತದೆ ನಿಜ, ಆದರೆ ಬುಡದಲ್ಲಿ ನೀರು ನಿಂತರೆ ತಾಳುವುದಿಲ್ಲ. ಎಕರೆಗೆ 12ರಿಂದ 20 ಕಿಲೋ ಡಯಾಂಚ ಬೀಜ ಸಾಕು. ಬಿತ್ತಿದ 45ರಿಂದ 50 ದಿನಕ್ಕೆ, ಹೂ ಬಿಡುವ ಮೊದಲೇ ಮಣ್ಣಿಗೆ ಸೇರಿಸಬೇಕು. ಹೂ ಬಂದ ಮೇಲೆ ಕಾಂಡ ನಾರುಗಟ್ಟಿ ಕೊಳೆಯಲು ತಡವಾಗುತ್ತದೆ.

ಮುಚ್ಚುವ ಮುನ್ನ ಎರಡು ಪರೀಕ್ಷೆ. ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು, ಬೇರುಗಂಟೊಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿಯೋ ಕೆಂಪೋ ಇದ್ದರೆ ಅದು ಗಾಳಿಯ ಸಾರಜನಕ ಹಿಡಿಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಕೆಲಸ ನಡೆಯುತ್ತಿಲ್ಲ. ಮುಂದಿನ ಸಲ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರುಗಂಟು ಕಟ್ಟುವ ಬ್ಯಾಕ್ಟೀರಿಯಾ) ಸವರಿ, ರಂಜಕ ಕೊಟ್ಟು ಬಿತ್ತಿ. ಎರಡನೆಯದು ತೂಕ. ಒಂದು ಮೀಟರ್ ಉದ್ದಗಲದ ಜಾಗದ ಸೊಪ್ಪನ್ನು ಕೊಯ್ದು ತೂಗಿ. 1.25 ಕಿಲೋ ಬಂದರೆ ಎಕರೆಗೆ ಸುಮಾರು 5 ಟನ್ ಹಸಿ ಸೊಪ್ಪು, ಅದರಲ್ಲಿ ಅಂದಾಜು 20ರಿಂದ 25 ಕಿಲೋ ಸಾರಜನಕ. ಅಷ್ಟೂ ಈ ಬೆಳೆಗೇ ಸಿಗುತ್ತದೆಂದು ಲೆಕ್ಕ ಹಾಕಬೇಡಿ, ಅರ್ಧ ಹಿಡಿಯಿರಿ.

ಮುಚ್ಚಿ ವಾರದಿಂದ ಹತ್ತು ದಿನದೊಳಗೆ ನಾಟಿ ಆಗಬೇಕು. ಸೊಪ್ಪು ಮುಚ್ಚಿದ ಗದ್ದೆಯನ್ನು ಆಳಿನ ತೊಂದರೆಯಿಂದಲೋ ಅಗೆ ಸಿಗದೆಯೋ ಮೂರು ವಾರ ಒಣಗಲು ಬಿಟ್ಟರೆ, ಕೊಳೆತು ಬಂದ ಅಮೋನಿಯಂ ಎಲ್ಲ ನೈಟ್ರೇಟ್ ಆಗಿ, ನೀರು ಕಟ್ಟಿದ ದಿನವೇ ಕೈಬಿಟ್ಟು ಹೋಗಲು ಸಿದ್ಧವಾಗಿರುತ್ತದೆ. ತಡವಾಗುವುದು ಖಚಿತವಾದರೆ ತೆಳ್ಳಗೆ ನೀರು ನಿಲ್ಲಿಸಿಯೇ ಕಾಯಿರಿ.

ಮಲೆನಾಡಿನವರು ಗ್ಲಿರಿಸಿಡಿಯಾ, ಬಯಲುಸೀಮೆಯವರು ಹೊಂಗೆ ಸೊಪ್ಪು ತಂದು ಹಾಕಿದರೂ ಲೆಕ್ಕ ಇದೇ. ಎಳೆ ಕೊಂಬೆಯಷ್ಟೇ ಹಾಕಿ, ಕಟ್ಟಿಗೆಯಾದ ಭಾಗ ಬೇಡ.

ಇದೇ ಹೊತ್ತಿಗೆ ಬದುಗಳನ್ನು ನೋಡಿ. ಒಂದು ಎಕರೆಗೆ 5 ಸೆಂ.ಮೀ. ನೀರು ನಿಲ್ಲಿಸಬೇಕಾದರೆ ಬೇಕಾಗುವುದು ಸುಮಾರು ಎರಡು ಲಕ್ಷ ಲೀಟರ್. ಏಡಿ ಬಿಲದಿಂದ ಅದು ಸೋರಿದರೆ ಕರಗಿದ ಗೊಬ್ಬರವೂ ಸೋರುತ್ತದೆ. ಬದುವಿನ ಒಳಮೈಗೆ ಕೆಸರು ಮೆತ್ತಿ, ತೂಬು ಬಿಗಿ ಮಾಡಿ, ಹಲಗೆ ಹೊಡೆದು ಗದ್ದೆ ಸಮ ಮಾಡಿ. ತಗ್ಗು ಉಬ್ಬು ಉಳಿದರೆ ಮುಂದೆ ಹೇಳುವ ನೀರಿನ ಲೆಕ್ಕ ಯಾವುದೂ ಕೂಡಿಬರುವುದಿಲ್ಲ.

ಎಷ್ಟು, ಯಾವಾಗ

ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಂತೆ ನಡೆಯಿರಿ. ಉದಾಹರಣೆಗೆ ಎಕರೆಗೆ 40:20:20 (ಸಾರಜನಕ, ರಂಜಕ, ಪೊಟ್ಯಾಷ್ ಕಿಲೋಗಳಲ್ಲಿ) ಶಿಫಾರಸು ಎಂದುಕೊಳ್ಳೋಣ. 20 ಕಿಲೋ ರಂಜಕಕ್ಕೆ ಡಿಎಪಿ ಗೊಬ್ಬರ 43 ಕಿಲೋ. ಅದರ ಜೊತೆಯಲ್ಲೇ 8 ಕಿಲೋ ಸಾರಜನಕ ಬಂದುಬಿಡುತ್ತದೆ. ಬಹಳ ಮಂದಿ ಈ 8 ಕಿಲೋವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದ 32 ಕಿಲೋಗೆ ಯೂರಿಯಾ 70 ಕಿಲೋ: ತಳಗೊಬ್ಬರಕ್ಕೆ 26, ಮೇಲುಗೊಬ್ಬರಕ್ಕೆ 22ರಂತೆ ಎರಡು ಸಲ. 20 ಕಿಲೋ ಪೊಟ್ಯಾಷಿಗೆ ಎಂಒಪಿ ಗೊಬ್ಬರ 33 ಕಿಲೋ. ಡಯಾಂಚ 5 ಟನ್ ಬಂದಿದ್ದರೆ ತಳಗೊಬ್ಬರದ 26 ಕಿಲೋ ಯೂರಿಯಾ ಪೂರ್ತಿ ಬಿಟ್ಟುಬಿಡಬಹುದು.

ತಳಗೊಬ್ಬರ ಹಾಕುವ ದಿನ ಗದ್ದೆಯ ನೀರನ್ನು ಬಸಿದು, ಕೆಸರಿನ ಮೇಲೆ ಪಸೆ ಮಾತ್ರ ಉಳಿಸಿ. ಗೊಬ್ಬರ ಎರಚಿದ ಮೇಲೆ ಕೊನೆಯ ಉಳುಮೆ ಮಾಡಿ, ಅದು 8–10 ಸೆಂ.ಮೀ. ಆಳಕ್ಕೆ ಬೆರೆಯಲಿ. ಆಮೇಲೆ ಹಲಗೆ, ನಾಟಿ, ನೀರು. ಹಲಗೆ ಹೊಡೆದಾದ ಮೇಲೆ ನೆನಪಾಗಿ ನೀರಿನ ಮೇಲೆ ಎರಚುವುದು ಎಲ್ಲ ಕಡೆ ಕಾಣುವ ತಪ್ಪು. ಅಮೋನಿಯಂ ಕಪ್ಪು ಮಣ್ಣಿಗೆ ಇಳಿಯಬೇಕಿತ್ತು, ಕಂದು ಪದರದಲ್ಲೇ ಕೂತುಬಿಡುತ್ತದೆ.

ಮೇಲುಗೊಬ್ಬರದ ಮೊದಲ ಕಂತು ಬುಡದಿಂದ ಹೊಸ ಕವಲು (ತೆಂಡೆ) ಒಡೆಯುವಾಗ, ನಾಟಿಯಾದ ಮೂರು–ನಾಲ್ಕು ವಾರಕ್ಕೆ. ಎರಡನೆಯದು ತೆನೆಯ ಕುಡಿ ಒಳಗೆ ಮೂಡುವಾಗ. "ನಾಟಿಯಾಗಿ 50 ದಿನಕ್ಕೆ" ಎಂದು ಕಣ್ಣುಮುಚ್ಚಿ ಹಾಕಿದರೆ ಕೆಲವು ತಳಿಗೆ ಹೊಂದುತ್ತದೆ, ಕೆಲವಕ್ಕೆ ಇಲ್ಲ. ಕೊಯ್ಲಿನಿಂದ ಹಿಂದಕ್ಕೆ ಎಣಿಸಿ: ಕುಡಿ ಮೂಡುವುದು ಕೊಯ್ಲಿಗೆ ಸುಮಾರು 65 ದಿನ ಮೊದಲು. 140 ದಿನದ ತಳಿಯಲ್ಲಿ ಅದು ಬಿತ್ತಿದ 75ನೇ ದಿನ. 25 ದಿನದ ಸಸಿ ನೆಟ್ಟಿದ್ದರೆ ನಾಟಿಯಿಂದ 50. ಅದೇ 120 ದಿನದ ತಳಿಗೆ ನಾಟಿಯಿಂದ 30ನೇ ದಿನಕ್ಕೇ ಬರುತ್ತದೆ. ಆಗ ಮೊದಲ ಕಂತನ್ನು ಎರಡನೇ ವಾರಕ್ಕೆ ತರಬೇಕು. ಅನುಮಾನ ಬಂದರೆ ದಪ್ಪನೆಯ ಒಂದು ತೆಂಡೆಯನ್ನು ಬುಡದಲ್ಲಿ ಕಿತ್ತು ಉದ್ದಕ್ಕೆ ಸೀಳಿ. ಮೇಲಿನ ಗಿಣ್ಣಿನ ತುದಿಯಲ್ಲಿ ಒಂದೆರಡು ಮಿಲಿಮೀಟರಿನ, ಬಿಳಿ ನುಣ್ಣಗೆ ರೋಮದಂಥ ಮೊಳಕೆ ಕಂಡರೆ ಗೊಬ್ಬರದ ದಿನ ಬಂತು.

ಎಲೆ ಬಣ್ಣದ ಪಟ್ಟಿ, ಅಂದರೆ ತಿಳಿಯಿಂದ ಕಡುವಿನವರೆಗೆ ಹಸಿರಿನ ಛಾಯೆಗಳಿಗೆ ಅಂಕೆ ಹಾಕಿದ ಪಟ್ಟಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಕಾಸು ಕೊಟ್ಟರೂ ತಗೊಳ್ಳಬೇಕಾದ ವಸ್ತು. ನಾಟಿಯಾದ ಎರಡು ವಾರದಿಂದ ಹೂ ಬರುವವರೆಗೆ, ವಾರ ಹತ್ತು ದಿನಕ್ಕೊಮ್ಮೆ, ಬೆಳಿಗ್ಗೆ 8ರಿಂದ 10ರೊಳಗೆ, ಒಬ್ಬರೇ ನೋಡಬೇಕು. ಬಿಸಿಲಿಗೆ ಬೆನ್ನು ಕೊಟ್ಟು, ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯ ನಡುಭಾಗವನ್ನು ನಿಮ್ಮ ನೆರಳಲ್ಲಿ ಪಟ್ಟಿಯ ಮೇಲಿಟ್ಟು ಹೋಲಿಸಿ. ಹತ್ತು ಗಿಡದಲ್ಲಿ ಆರು ಅಥವಾ ಹೆಚ್ಚು ಎಲೆ ನಿಮ್ಮ ತಳಿಗೆ ಹೇಳಿದ ಅಂಕೆಗಿಂತ (ನಾಟಿ ಭತ್ತಕ್ಕೆ ಸಾಮಾನ್ಯವಾಗಿ 3ರಿಂದ 4) ತಿಳಿಯಾಗಿದ್ದರೆ ಮಾತ್ರ ಯೂರಿಯಾ. ಪಕ್ಕದ ಗದ್ದೆ ಕಡುಹಸಿರಾಗಿದೆ ಎಂದು ಚೀಲ ಬಿಚ್ಚಿದವರಿಗೆ ಬೆಂಕಿ ರೋಗ, ಕಂದು ಜಿಗಿಹುಳು, ಕೊನೆಗೆ ಮಲಗಿದ ಪೈರು.

ಎರಚುವ ದಿನದ ನೀರು

ಸಂಜೆ ಹಾಕಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನೀರು ನಿಂತೇ ಇದ್ದರೆ ಸಂಜೆ ಹಾಕಿದ್ದೂ ನಾಳೆ, ನಾಳಿದ್ದು ಮಧ್ಯಾಹ್ನ ಹಾರುತ್ತದೆ. ನೀರು ಇಲ್ಲದಿರುವುದೇ ಮುಖ್ಯ, ಹೊತ್ತು ಆಮೇಲಿನ ಮಾತು.

ಮೊದಲು ಕಳೆ ತೆಗೆಸಿ. ನೀರು ಕೊಡುವುದನ್ನು ನಿಲ್ಲಿಸಿ, ಮೇಲ್ಮಣ್ಣು ಕಾಲಿಗೆ ಅಂಟದಷ್ಟು, ಕೂದಲೆಳೆಯ ಬಿರುಕು ಮೂಡುವ ಮುನ್ನಿನ ಹದಕ್ಕೆ ಬರಲಿ. ಎಲೆಯ ಮೇಲೆ ಇಬ್ಬನಿ, ಮಳೆಹನಿ ಇರಬಾರದು. ಹರಳು ಅಂಟಿಕೊಂಡು ಎಲೆ ಸುಡುತ್ತದೆ. ಸಂಜೆ ಎರಚಿ, ಹಿಂದೆಯೇ ನಿಧಾನವಾಗಿ 4–5 ಸೆಂ.ಮೀ. ನೀರು ಕಟ್ಟಿ. ಯೂರಿಯಾ ಒಡೆಯುವ ಮುನ್ನ ಮಣ್ಣಿಗೆ ಅಂಟುವುದಿಲ್ಲ, ಇಳಿಯುವ ನೀರಿನ ಜೊತೆ ತಾನೂ ಇಳಿಯುತ್ತದೆ. ಅದು ಬೇರಿನ ಮಟ್ಟಕ್ಕೆ ಹೋಗಿ ಅಲ್ಲಿ ಅಮೋನಿಯಂ ಆಗುವುದೇ ನಮಗೆ ಬೇಕಾದದ್ದು. ಕೆಳತೂಬು ಮುಚ್ಚಿರಬೇಕು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಯುವ ಗದ್ದೆಸಾಲಿನಲ್ಲಿ ಪ್ರತಿ ಮಡಿಗೂ ಬೇರೆಬೇರೆ ನೀರು ಕೊಡದಿದ್ದರೆ ಗೊಬ್ಬರವೆಲ್ಲ ಕೊನೆಯ ಮಡಿಗೆ. ಆಮೇಲೆ 5ರಿಂದ 7 ದಿನ ನೀರು ಆರಲು ಬಿಡಬೇಡಿ. ಆ ಹೊತ್ತಿಗೆ ಬೇರು ತನ್ನ ಪಾಲು ಎಳೆದುಕೊಂಡಿರುತ್ತದೆ.

ಮಲೆನಾಡು, ಕರಾವಳಿಯ ಮುಂಗಾರಿನಲ್ಲಿ ನೀರು ಬಸಿಯುವುದೇ ಆಗದ ಗದ್ದೆಗಳಿವೆ. ಅಲ್ಲಿ ಯೂರಿಯಾವನ್ನು ಅದರ ಐದರಿಂದ ಹತ್ತು ಪಟ್ಟು ತೇವದ ಮಣ್ಣಿನೊಂದಿಗೆ ಬೆರೆಸಿ, ನೆರಳಲ್ಲಿ ಒಂದು ದಿನ ಮುಚ್ಚಿಟ್ಟು ಹಾಕಿ. ಅಷ್ಟರಲ್ಲಿ ಸಾಕಷ್ಟು ಭಾಗ ಅಮೋನಿಯಂ ಆಗಿ ಮಣ್ಣಿಗೆ ಅಂಟಿರುತ್ತದೆ. ಹೆಂಟೆಯಾಗಿ ಕೆಸರಿನೊಳಕ್ಕೆ ಮುಳುಗುತ್ತದೆ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡೆಯಿರಿ.

ನೀರು ಆರಿಸಿ ಕಟ್ಟುವುದು

ನಾಟಿಯಾದ ಮೊದಲ ಎರಡು ವಾರ 2ರಿಂದ 5 ಸೆಂ.ಮೀ. ನೀರು ಇರಲಿ, ಕಳೆ ಅಡಗುತ್ತದೆ. ಆಮೇಲೆ ಸದಾ ನೀರು ನಿಲ್ಲಿಸುವ ಅಗತ್ಯವಿಲ್ಲ. ಸದಾ ನಿಂತ ನೀರಿನ ಕೆಳಗೆ ಕೊಳೆಯುವ ಹುಲ್ಲು, ಬೇರುಗಳ ಇಂಗಾಲ ಮೀಥೇನ್ ಆಗುತ್ತದೆ. ಗದ್ದೆಯಲ್ಲಿ ಕಾಲಿಟ್ಟಾಗ ಬುಳಬುಳನೆ ಏಳುವ ಗುಳ್ಳೆಗಳಲ್ಲಿ ಅದೇ ಹೆಚ್ಚು. ಆಗಾಗ ಆರಿಸಿ ಕಟ್ಟಿದರೆ ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನೀರು ಶೇ. 30ರವರೆಗೆ ಉಳಿಯುತ್ತದೆ.

ಇದಕ್ಕೆ ಬೇಕಾದ ಸಾಧನ 30 ಸೆಂ.ಮೀ. ಉದ್ದದ, 10–15 ಸೆಂ.ಮೀ. ಅಗಲದ ಪಿವಿಸಿ ಪೈಪಿನ ತುಂಡು. ಕೆಳಗಿನ ಅರ್ಧಕ್ಕೆ ಸುತ್ತಲೂ ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಅರ್ಧ ಸೆಂಟಿಮೀಟರ್ ತೂತು ಕೊರೆಯಿರಿ. ಬದುವಿನಿಂದ ಕೈಗೆಟಕುವ, ತೀರ ತಗ್ಗೂ ಅಲ್ಲದ ಉಬ್ಬೂ ಅಲ್ಲದ ಜಾಗದಲ್ಲಿ ಅರ್ಧ ಮಣ್ಣೊಳಗೆ, ಅರ್ಧ ಮೇಲಿರುವಂತೆ ಇಳಿಸಿ, ಒಳಗಿನ ಮಣ್ಣನ್ನು ತೋಡಿ ತೆಗೆಯಿರಿ. ನೀರು ಕಟ್ಟಿದಾಗ ಪೈಪಿನ ಒಳಗೂ ಹೊರಗೂ ಒಂದೇ ಮಟ್ಟ ಇರಬೇಕು. ಇಲ್ಲದಿದ್ದರೆ ತೂತು ಕಟ್ಟಿಕೊಂಡಿವೆ, ಕಿತ್ತು ತೊಳೆದು ಮತ್ತೆ ಹೂಳಿ. ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ, ಅಂದರೆ ಪೈಪಿನ ತಳ ಕಂಡಾಗ, ಮತ್ತೆ 5 ಸೆಂ.ಮೀ. ಕಟ್ಟಿ. ಹೂ ಬರುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಆರಿಸಬಾರದು, ಕಾಳು ಜೊಳ್ಳಾಗುತ್ತದೆ.

ಎರೆಮಣ್ಣಿನಲ್ಲಿ ಪೈಪನ್ನಷ್ಟೇ ನಂಬಬೇಡಿ. ಬಿರುಕು ಬೆರಳು ಹೋಗುವಷ್ಟು ಅಗಲವಾದರೆ ಮುಂದಿನ ನೀರೆಲ್ಲ ಆ ಸಂದಿಗಳಲ್ಲೇ ಪಾತಾಳಕ್ಕೆ ಇಳಿಯುತ್ತದೆ. ಕೂದಲೆಳೆಯ ಬಿರುಕಿಗೇ ನೀರು ಕೊಡಿ. ಇನ್ನು ಕಾಲುವೆಯ ಕೊನೆಯಂಚಿನ ರೈತರಿಗೆ ಈ ಪದ್ಧತಿ ಹೇಳುವುದು ಕಷ್ಟ: ಮುಂದಿನ ಸರದಿ ಯಾವಾಗ ಎಂಬ ಭರವಸೆ ಇಲ್ಲದವರು ಸಿಕ್ಕಾಗ ತುಂಬಿಕೊಳ್ಳುವುದು ಸಹಜ. ಕೊಳವೆಬಾವಿ, ಕೆರೆಯ ನೀರು ತಮ್ಮ ಕೈಯಲ್ಲಿರುವವರಿಗೆ ಇದು ಸರಿಯಾಗಿ ಒಗ್ಗುತ್ತದೆ.

ಒಂದು ಎಚ್ಚರಿಕೆ. ಯೂರಿಯಾ ಹಾಕಿದ ಬೆನ್ನಿಗೇ ಆರಿಸಿ ಕಟ್ಟಿದರೆ, ಆರಿದಾಗ ನೈಟ್ರೇಟ್, ಕಟ್ಟಿದಾಗ ಅನಿಲ. ಮೀಥೇನ್ ಉಳಿಸಲು ಹೋಗಿ ನೈಟ್ರಸ್ ಆಕ್ಸೈಡ್ ಬಿಟ್ಟಂತೆ. ಮೇಲೆ ಹೇಳಿದ 5–7 ದಿನದ ನಿಯಮ ಅದಕ್ಕೇ.

ಹಳದಿಯಾದರೆ

ಯೂರಿಯಾ ಚೀಲಕ್ಕೆ ಕೈ ಹಾಕುವ ಮೊದಲು ಒಂದು ಬುಡ ಕಿತ್ತು ಬೇರು ತೊಳೆದು ನೋಡಿ. ಭತ್ತ ತನ್ನ ಎಲೆಯಿಂದ ಬೇರಿಗೆ ಟೊಳ್ಳು ನಾಳಗಳಲ್ಲಿ ಆಮ್ಲಜನಕ ಇಳಿಸುತ್ತದೆ; ಅದು ಬೇರಿನ ಸುತ್ತ ಕಬ್ಬಿಣವನ್ನು ತುಕ್ಕಾಗಿಸುತ್ತದೆ. ಹಾಗಾಗಿ ಬಿಳಿ ಬೇರು, ಮೇಲೆ ತುಕ್ಕುಗಂದು ಲೇಪ ಇದ್ದರೆ ಆರೋಗ್ಯ. ಕರ್ರಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಉಸಿರು ಕಟ್ಟಿದೆ. ಹಸಿ ಹುಲ್ಲು, ಅರೆಕೊಳೆತ ಗೊಬ್ಬರ ಜಾಸ್ತಿಯಾದ ಗದ್ದೆಯಲ್ಲಿ ಇದು ಸಾಮಾನ್ಯ. ನೀರು ಬಸಿದು ಮೂರರಿಂದ ಐದು ದಿನ ಗಾಳಿಯಾಡಲು ಬಿಡಿ. ಹೊಸ ಬಿಳಿ ಬೇರು ಬರುವವರೆಗೆ ಯೂರಿಯಾ ಹಾಕಿದರೂ ಎಳೆದುಕೊಳ್ಳುವವರಿಲ್ಲ.

ಬೇರು ಚೆನ್ನಾಗಿದ್ದು, ಹಳೆಯ ಕೆಳ ಎಲೆಗಳು ತುದಿಯಿಂದ ಹಳದಿಯಾಗುತ್ತಿದ್ದರೆ ಸಾರಜನಕದ ಕೊರತೆ. ಎಳೆ ಎಲೆಗಳೇ ಹಳದಿಯಾದರೆ ಗಂಧಕ ನೋಡಿ. ನಾಟಿಯಾದ ಎರಡು–ನಾಲ್ಕು ವಾರದಲ್ಲಿ ಎಲೆಯ ನಡುದಿಂಡು ಬುಡದ ಕಡೆ ಬಿಳಚಿ, ತುಕ್ಕಿನ ಚುಕ್ಕೆ ಬಂದರೆ ಸತು. ಮುಂದಿನ ಬೆಳೆಗೆ ಎಕರೆಗೆ 8 ಕಿಲೋ ಸತುವಿನ ಸಲ್ಫೇಟ್, ಆದರೆ ಡಿಎಪಿ ಜೊತೆ ಬೆರೆಸದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ತಗ್ಗು ಗದ್ದೆಗಳಲ್ಲಿ ಹಳೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಹೆಚ್ಚಾಗಿದೆ. ಬಸಿಗಾಲುವೆ ತೆಗೆಯುವುದೇ ಉಪಾಯ.

ಅಜೋಲ್ಲ

ಇದು ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ. ನಾಟಿಯಾಗಿ ಒಂದು ವಾರವಾದ ಮೇಲೆ ಎಕರೆಗೆ 200ರಿಂದ 400 ಕಿಲೋ ಬಿಟ್ಟರೆ, ರಂಜಕ ಸಾಕಷ್ಟಿದ್ದು ಬಿಸಿಲು ಮಿತವಾಗಿದ್ದರೆ, ಎರಡು ಮೂರು ವಾರದಲ್ಲಿ ನೀರು ಕಾಣದಂತೆ ಹರಡುತ್ತದೆ. ಅದರ ಎಲೆಯೊಳಗಿನ ಪಾಚಿ ಗಾಳಿಯ ಸಾರಜನಕ ಹಿಡಿಯುತ್ತದೆ. ನೀರಿಗೆ ನೆರಳಾಗುವುದರಿಂದ ಮಧ್ಯಾಹ್ನದ ಪಿಎಚ್ ಏರುವುದಿಲ್ಲ, ಅಮೋನಿಯಾ ಹಾರುವುದೂ ಕಡಿಮೆ. ಇದು ಅದರ ಎರಡನೇ ಲಾಭ, ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಆದರೆ ತೇಲುತ್ತಿರುವ ಅಜೋಲ್ಲದ ಸಾರಜನಕ ಭತ್ತಕ್ಕೆ ಸಿಗುವುದಿಲ್ಲ. ನೀರು ಬಸಿದು ಕಾಲಲ್ಲೋ ಕೋನೋವೀಡರ್ ಎಂಬ ಕಳೆ ತೆಗೆಯುವ ಕೈಯಂತ್ರದಲ್ಲೋ ತುಳಿದು ಕೆಸರಿಗೆ ಸೇರಿಸಬೇಕು. ಆರಿಸಿ ಕಟ್ಟುವ ಗದ್ದೆಗೆ ಇದು ಹೊಂದುವುದಿಲ್ಲ.

ಕೊಯ್ಲಿನ ನಂತರ

ಎಕರೆಗೆ 2 ಟನ್ ಹುಲ್ಲು ಎಂದರೆ 800 ಕಿಲೋ ಇಂಗಾಲ, ಸುಮಾರು 12 ಕಿಲೋ ಸಾರಜನಕ, 30 ಕಿಲೋ ಪೊಟ್ಯಾಷ್. ದನಕ್ಕೆ ಹಾಕಿ ಕೊಟ್ಟಿಗೆ ಗೊಬ್ಬರವಾಗಿ ಮರಳಿಸುವುದು ಹಳೆಯ ದಾರಿ, ಈಗಲೂ ಒಳ್ಳೆಯದೇ. ತುಂಗಭದ್ರಾ ಅಚ್ಚುಕಟ್ಟಿನ ಕಡೆ ಯಂತ್ರದ ಕೊಯ್ಲಿನ ನಂತರ ಬೆಂಕಿ ಹಚ್ಚಿದಾಗ ಪೊಟ್ಯಾಷ್ ಬೂದಿಯಲ್ಲಿ ಬಹುಪಾಲು ಉಳಿಯುತ್ತದೆ. ಸಾರಜನಕ, ಇಂಗಾಲ ಎರಡೂ ಹೊಗೆಯಾಗಿ ಹೋಗುತ್ತವೆ.

ಮಣ್ಣಿಗೆ ಸೇರಿಸುವುದಾದರೆ ಕೊಯ್ದ ಎರಡು ವಾರದೊಳಗೆ, ತೇವ ಆರುವ ಮುನ್ನ, 5–10 ಸೆಂ.ಮೀ. ಆಳಕ್ಕೆ ರೋಟವೇಟರ್ ಹೊಡೆದು, ನೀರು ಕಟ್ಟದೆ ಕನಿಷ್ಠ ಒಂದು ತಿಂಗಳು ಬಿಡಿ. ಗಾಳಿಯಲ್ಲಿ ಕೊಳೆತದ್ದು ಮೀಥೇನ್ ಆಗುವುದಿಲ್ಲ. ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಅರವತ್ತಕ್ಕೂ ಮೀರಿ ಇಂಗಾಲ ಇರುತ್ತದೆ. ಅದನ್ನು ಹಸಿಯಾಗಿ ಮುಚ್ಚಿ ಮರುವಾರವೇ ನಾಟಿ ಮಾಡಿದರೆ ಸೂಕ್ಷ್ಮಜೀವಿಗಳು ತಮ್ಮ ಮೈ ಬೆಳೆಸಲು ಮಣ್ಣಿನ ಅಮೋನಿಯಂ ಅನ್ನೇ ಬಾಚಿಕೊಳ್ಳುತ್ತವೆ, ಸಸಿ ಎರಡು ಮೂರು ವಾರ ಹಳದಿಯಾಗಿ ನಿಲ್ಲುತ್ತದೆ. ಎರಡು ಬೆಳೆಯ ನಡುವೆ ಅಷ್ಟು ಸಮಯ ಸಿಗದಿದ್ದರೆ ಹುಲ್ಲನ್ನು ಬದುವಿಗೆ ಹಾಕಿ, ಒಂದು ಗೇಣು ಹುಲ್ಲಿಗೊಂದು ಪದರ ಸಗಣಿ ರಾಡಿ ಮತ್ತು ಹಸಿ ಸೊಪ್ಪು ಸೇರಿಸಿ ಕಾಂಪೋಸ್ಟ್ ಮಾಡಿ.

ಗದ್ದೆಯಲ್ಲಿ ಪಸೆ ಉಳಿದಿರುವಾಗಲೇ ಉದ್ದು, ಹೆಸರು, ಅಲಸಂದೆ ಬಿತ್ತುವ ಪದ್ಧತಿ ಕರಾವಳಿಯಲ್ಲಿದೆ. ಬೇರೆ ಕಡೆಯೂ ಬರುತ್ತದೆ. ಬೇಳೆ ಬಿತ್ತಿದ ಮಾತ್ರಕ್ಕೆ ಮಣ್ಣು ತುಂಬಿತು ಅನ್ನುವ ಹಾಗಿಲ್ಲ, ಅವು ಹಿಡಿದ ಸಾರಜನಕದ ಹೆಚ್ಚು ಪಾಲು ಕಾಳಿಗೆ ಹೋಗಿರುತ್ತದೆ. ಕಾಯಿ ಬಿಡಿಸಿ ಸೊಪ್ಪು, ಬೇರು ಗದ್ದೆಯಲ್ಲೇ ಬಿಟ್ಟರೆ ಮುಂದಿನ ಭತ್ತಕ್ಕೆ ಅದು ಜಮೆ. ಗಿಡವನ್ನೇ ಬುಡಸಮೇತ ಕಿತ್ತು ಕಣಕ್ಕೆ ಒಯ್ದಿದ್ದರೆ ಮುಂಗಾರಿನ ಯೂರಿಯಾ ಲೆಕ್ಕದಲ್ಲಿ ಏನನ್ನೂ ಕಳೆಯಬೇಡಿ.